ಆರಾಮಿದ್ದ ದಿನದ ಗುಳಿಗೆ

(ಹುಬ್ಬಳ್ಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಶಾಂತಿ ಇರಲಿ.

ಸಹೋದರರೇ, ಇಂದು ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಅಸರ್ ನಮಾಝ್ ಮುಗಿದ ಮೇಲೆ ಒಬ್ಬ ಯುವಕ ಬಂದು ಪಕ್ಕದಲ್ಲಿ ಕುಳಿತ. ಬೈಕ್ ರಿಪೇರಿಯ ಗ್ಯಾರೇಜ್ ಇಟ್ಟುಕೊಂಡವನು. ಡಾಕ್ಟರು ಬೈಪೋಲಾರ್ ಕಾಯಿಲೆ ಎಂದು ಹೇಳಿ ಆರು ತಿಂಗಳಾಗಿತ್ತು. 'ಹಜರತ್, ಈಗ ಆರಾಮ ಅದೀನ್ರಿ. ನಮಾಝ್ ತಪ್ಪಿಸಂಗಿಲ್ರಿ. ಇನ್ನೂ ಗುಳಿಗಿ ನುಂಗೋದು ತವಕ್ಕುಲ್‌ಗೆ ವಿರುದ್ಧ ಅಲ್ಲೇನ್ರಿ?' ಎಂದು ಕೇಳಿದ. ಡಾಕ್ಟರನ್ನು ಕೇಳು ಎಂದು ನಾನು ಹೇಳಲಿಲ್ಲ. ಝಿಕ್ರ್ ಹೆಚ್ಚಿಸು, ಗುಳಿಗೆ ತಾನಾಗಿ ಕಡಿಮೆಯಾಗುತ್ತದೆ ಎಂದುಬಿಟ್ಟೆ. ಅವನು ಅಂದೇ ಬಿಟ್ಟ.

ಎರಡು ತಿಂಗಳೊಳಗೆ ಅವನ ನಿದ್ದೆ ಮೂರು ಗಂಟೆಗೆ ಇಳಿಯಿತು. ಆದರೂ ದಣಿವಿಲ್ಲ. ರಾತ್ರಿಯೆಲ್ಲ ತಹಜ್ಜುದ್, ಕುರ್‌ಆನ್ ಪಾರಾಯಣ. ಹುಡುಗ ಎಷ್ಟು ದೀನ್‌ದಾರ್ ಆದ ಎಂದು ಮೊಹಲ್ಲಾದ ಹಿರಿಯರು ಹೊಗಳಿದರು, ನಾನೂ ಹೊಗಳಿದೆ. ಆಮೇಲೆ ಮಾತು ನಿಲ್ಲದಾಯಿತು. ಕೈಗಡ ತಂದು ಎರಡು ಹಳೆಯ ಟೆಂಪೋ ಕೊಂಡ. ಅಡ್ಡ ಬಂದ ಅಣ್ಣನ ಮೇಲೆ ಕೈ ಮಾಡಿದ. ಅಬ್ಬರ ಇಳಿದ ಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ, ಜುಮಾಕ್ಕೂ ಬರಲಿಲ್ಲ. ಆಗ ಅದೇ ಹಿರಿಯರು ಈಮಾನ್ ಕುಂದಿತು ಎಂದರು.

ಎರಡು ಮಾತೂ ತಪ್ಪು. ಏರಿದ ದಿನ ಅವನ ಈಮಾನ್ ಹೆಚ್ಚಿರಲಿಲ್ಲ, ಕುಸಿದ ದಿನ ಕಡಿಮೆಯೂ ಆಗಿರಲಿಲ್ಲ. ಈ ಕಾಯಿಲೆಯಲ್ಲಿ ಮನಸ್ಸು ಕೆಲವು ಕಾಲ ವಿಪರೀತ ಏರುತ್ತದೆ, ಕೆಲವು ಕಾಲ ಪಾತಾಳಕ್ಕೆ ಇಳಿಯುತ್ತದೆ, ನಡುವೆ ತಿಂಗಳುಗಟ್ಟಲೆ ಸರಿಯಾಗಿಯೂ ಇರುತ್ತದೆ. ಮೋಸ ಮಾಡುವುದು ಆ ನಡುವಿನ ಆರಾಮ. ಗುಳಿಗೆ ಕೊಡುವುದು ಬಂದದ್ದನ್ನು ಇಳಿಸಲು ಮಾತ್ರವಲ್ಲ, ಮುಂದಿನದು ಬಾರದಂತೆ ತಡೆಯಲು ಕೂಡ. ಆರಾಮಿದ್ದ ದಿನ ಗುಳಿಗೆ ನುಂಗುವುದೂ ಸಬ್ರ್ ಎಂದು ಅಂದು ನಾನು ಅವನಿಗೆ ಹೇಳಬೇಕಿತ್ತು.

ಮಗನನ್ನು ಕಳೆದುಕೊಂಡ ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದವೆಂದು ಸೂರಾ ಯೂಸುಫ್ ತಿಳಿಸುತ್ತದೆ. ಅವರ ಈಮಾನ್ ಅಳೆಯಲು ನಮ್ಮಲ್ಲಿ ಯಾರಿಗೆ ಧೈರ್ಯವಿದೆ? 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ಕಾರಣ ತಿಳಿದ ದುಃಖ ಬೇರೆ, ಕಾರಣ ಕಾಣದೆ ದೇಹದಿಂದಲೇ ಹುಟ್ಟುವ ದುಃಖ ಬೇರೆ, ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದರು. ಸಾವಿರ ವರ್ಷದ ಹಿಂದೆ ಉಮ್ಮತ್‌ಗೆ ತಿಳಿದಿದ್ದ ಮಾತನ್ನು ಮಿಂಬರಿನ ಮೇಲೆ ನಿಲ್ಲುವ ನಾನೇ ಮರೆತಿದ್ದೆ.

ನಿದ್ದೆಯ ವಿಷಯ ಮನೆಯವರು ಗಮನವಿಟ್ಟು ಕೇಳಬೇಕು. ದಿನವೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟ ಅಬ್ದುಲ್ಲಾ ಬಿನ್ ಅಮ್ರ್(ರ)ರನ್ನು ಪ್ರವಾದಿ(ಸ) ತಡೆದು, ದೇಹಕ್ಕೂ ಕಣ್ಣಿಗೂ ಹೆಂಡತಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ತಿಳಿಸಿದ್ದು ಬುಖಾರಿಯಲ್ಲಿದೆ. ಬೈಪೋಲಾರ್ ಇದ್ದವರಿಗೆ ಎರಡು ಮೂರು ರಾತ್ರಿಯ ನಿದ್ದೆಗೆಟ್ಟರೂ ಅಬ್ಬರ ಏರಬಹುದು. ನಿದ್ದೆ ಕಡಿಮೆಯಾಗಿಯೂ ಹುರುಪು ಹೆಚ್ಚುತ್ತಿದ್ದರೆ ಅಂದೇ ಡಾಕ್ಟರಿಗೆ ಹೇಳಿ.

ಇನ್ನು ರಮಝಾನ್. ಈ ಕಾಯಿಲೆಗೆ ಕೊಡುವ ಲಿಥಿಯಂ 1949ರಿಂದ ಬಳಕೆಗೆ ಬಂದ ಔಷಧಿ. ಅದು ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ಪರೀಕ್ಷಿಸಬೇಕು. ಬೇಸಿಗೆಯಲ್ಲಿ ನೀರಿಲ್ಲದೆ ಬೆವರಿದರೆ ಅದರ ಪ್ರಮಾಣ ಏರಿ ಕೈ ನಡುಗುವುದು, ವಾಂತಿ, ತೂರಾಡುವುದು ಶುರುವಾಗಬಹುದು, ಪ್ರಾಣಕ್ಕೂ ಅಪಾಯ. ಉಪವಾಸ ಹಿಡಿಯಬಹುದೇ, ಗುಳಿಗೆಯ ಹೊತ್ತು ಬದಲಿಸಬೇಕೇ ಎಂದು ರಮಝಾನಿಗೆ ಮೊದಲೇ ಡಾಕ್ಟರನ್ನು ಕೇಳಿ. ಬೇಡವೆಂದರೆ ಬಿಡಿ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಗುಣವಾದ ಮೇಲೆ ಕಝಾ ಇದೆ, ಅದೂ ಆಗದವರಿಗೆ ಫಿದ್ಯಾ ಇದೆ.

ಹಣದ ಬಗ್ಗೆ ಜಗಳವಾಗದ ಮನೆಯಿಲ್ಲ. ಸೂರಾ ಅನ್ನಿಸಾದ 5ನೆಯ ಸೂಕ್ತದಲ್ಲಿ, ವಿವೇಚನೆ ಇಲ್ಲದವರ ಕೈಗೆ ಸಂಪತ್ತು ಕೊಡಬೇಡಿ, ಆದರೆ ಅದರಿಂದಲೇ ಉಣಿಸಿ, ಉಡಿಸಿ, ಅವರೊಡನೆ ಒಳ್ಳೆಯ ಮಾತಾಡಿ ಎಂಬ ಆದೇಶವಿದೆ. ಎಟಿಎಂ ಕಾರ್ಡ್ ಕಿತ್ತುಕೊಳ್ಳುವವರೆಗೆ ನಮಗೆ ಆಯತ್ ನೆನಪಿರುತ್ತದೆ, ಒಳ್ಳೆಯ ಮಾತಿನ ಭಾಗ ಮರೆತುಹೋಗುತ್ತದೆ. ಅವನು ಆರಾಮಿದ್ದಾಗಲೇ ಜೊತೆಗೆ ಕೂತು ತೀರ್ಮಾನಿಸಿ: ನಿದ್ದೆ ಕೆಟ್ಟರೆ ಕಾರ್ಡ್ ಯಾರ ಬಳಿ, ದೊಡ್ಡ ಖರ್ಚಿಗೆ ಯಾರ ಒಪ್ಪಿಗೆ. ಅವನೇ ಒಪ್ಪಿದ ಮಾತಾದರೆ ಅವಮಾನವೆನಿಸುವುದಿಲ್ಲ. ಬುದ್ಧಿ ಸ್ಥಿಮಿತದಲ್ಲಿಲ್ಲದವನಿಂದ ಲೇಖನಿ ಎತ್ತಲಾಗಿದೆ ಎಂದು ಹದೀಸ್ ಹೇಳುವಾಗ, ಅಂದು ಅವನಾಡಿದ ಮಾತನ್ನು ನಾವು ವರ್ಷಗಟ್ಟಲೆ ಎತ್ತಿ ಆಡುವುದೇಕೆ?

ನಮ್ಮೂರಲ್ಲಿ 'ಧಾರವಾಡಕ್ಕೆ ಕಳಿಸಬೇಕು' ಎಂಬ ಚೇಷ್ಟೆಯ ಮಾತಿದೆ. 1845ರಲ್ಲಿ ಆರಂಭವಾದ ಅಲ್ಲಿನ ಆಸ್ಪತ್ರೆಯೇ ಇಂದಿನ ಡಿಮ್ಹಾನ್ಸ್. ಇಪ್ಪತ್ತು ಕಿಲೋಮೀಟರಿನ ಈ ದಾರಿ ಆ ಒಂದು ಮಾತಿನಿಂದಾಗಿ ಎಷ್ಟೋ ಮನೆಗಳಿಗೆ ದೂರವಾಗಿದೆ. ಮನೆಯಲ್ಲಿ ಯಾರಾದರೂ ಸಾವಿನ ಮಾತಾಡಿದರೆ ಅವರಿಗೆ ಹರಾಮ್ ಎಂದು ಉಪದೇಶ ಮಾಡುತ್ತಾ ಕೂರಬೇಡಿ. ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಆ ಯುವಕನ ಬಳಿ ನಾನು ಕ್ಷಮೆ ಕೇಳಿದ್ದೇನೆ, ಅವನ ಒಪ್ಪಿಗೆಯಿಂದಲೇ ಇದನ್ನು ಹೇಳಿದ್ದೇನೆ. ಹೆಸರು ಮಾತ್ರ ಬೇಡ ಎಂದ, ತಂಗಿಯ ಮದುವೆಯ ಮಾತುಕತೆ ನಡೆದಿದೆ. ಗ್ಯಾರೇಜ್ ಮತ್ತೆ ತೆರೆದಿದ್ದಾನೆ, ಸಾಲ ಇನ್ನೂ ಉಳಿದಿದೆ. ಮುಂದಿನ ರಕ್ತ ಪರೀಕ್ಷೆಗೆ ಅವನ ಜೊತೆ ನಾನೂ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುತ್ತೇನೆ. ಜೊತೆಗೆ ಬರಬೇಕೆನ್ನುವವರು ಅಸರ್ ನಂತರ ನನ್ನನ್ನು ಕಾಣಿರಿ.