ಘಟ್ಟದ ಕೆಳಗೆ ನಾವು 'ಘಾಟಿ'ಗಳು

ಮಾಗಡಿಯಲ್ಲಿ, ಗೋವಾಕ್ಕೆ ದುಡಿಯಲು ಹೋದವರ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ



ಸಭೆ ಆರಂಭವಾಗುವ ಮುನ್ನ ವೃದ್ಧೆಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಒಂದು ಸಂಗತಿ ಹೇಳಿದರು. ಅವರ ಮಗ ವಾಸ್ಕೋದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಮೊಮ್ಮಗ ಅಲ್ಲಿಯೇ ಶಾಲೆಗೆ ಹೋಗುತ್ತಾನೆ. ಕಳೆದ ಬಾರಿ ಮಗನ ಮನೆಗೆ ಹೋದಾಗ ಅವರು ಮೊಮ್ಮಗನನ್ನು ಕರೆತರಲು ಶಾಲೆಯ ಬಾಗಿಲಿಗೆ ಹೋಗಿ, ಕನ್ನಡದಲ್ಲಿ ಕೂಗಿ ಕರೆದರಂತೆ. ಓಡಿ ಬಂದ ಹುಡುಗ, "ದಾದಿ, ಇಲ್ಲಿ ಮಾತಾಡಬ್ಯಾಡ, ಸುಮ್ನ ನಡಿ" ಎಂದನಂತೆ. ಗೆಳೆಯರೊಡನೆ ಅವನು ತನ್ನ ಊರು ಮಡಗಾಂವ್ ಎಂದು ಹೇಳಿಕೊಂಡಿದ್ದಾನೆ. "ನಾವೇನ್ ಕಳವು ಮಾಡೇವೇನ್ರೀ?" ಎಂದು ಆ ತಾಯಿ ನಮ್ಮನ್ನು ಕೇಳಿದರು. ಸಿದ್ಧಪಡಿಸಿಕೊಂಡು ಬಂದಿದ್ದ ಮಾತುಗಳನ್ನು ಬದಿಗಿಟ್ಟು ಈ ಪ್ರಶ್ನೆಯ ಕುರಿತಾಗಿಯೇ ಮಾತನಾಡಬೇಕೆಂದು ನಮಗೆ ಅನಿಸಿತು.

ನಮ್ಮ ಭಾಷೆಯಲ್ಲಿ 'ಪರದೇಶಿ' ಎಂಬ ಪದಕ್ಕೆ ಬೇರೆ ದೇಶದವನು ಎಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಸ್ವಂತ ದೇಶದಲ್ಲಿಯೇ, ಇಲ್ಲಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ, ನಮ್ಮ ಮಕ್ಕಳು ಎರಡೂ ಅರ್ಥದಲ್ಲಿ ಪರದೇಶಿಗಳಾಗಿದ್ದಾರೆ. ಗೋವಾದಲ್ಲಿ ಘಟ್ಟದ ಮೇಲಿನಿಂದ ಬಂದವರನ್ನು 'ಘಾಟಿ' ಎನ್ನುತ್ತಾರೆ. ಘಟ್ಟದವನು ಎಂಬುದಷ್ಟೇ ಅದರ ಮೂಲ ಅರ್ಥ. ಆದರೆ ಕೊಳಕ, ಅನಾಗರಿಕ, ಕಳ್ಳ ಎಂಬೆಲ್ಲ ಭಾವಗಳೂ ಅದರೊಳಗೆ ಸೇರಿಕೊಂಡಿವೆ. 2011ರ ಜನಗಣತಿಯಂತೆ ಗೋವಾದ ಜನಸಂಖ್ಯೆ 14.58 ಲಕ್ಷ. ಅವರಲ್ಲಿ ನೂರಕ್ಕೆ ಸುಮಾರು 66 ಮಂದಿ ಕೊಂಕಣಿಯನ್ನೂ ಸುಮಾರು 11 ಮಂದಿ ಮರಾಠಿಯನ್ನೂ ಮಾತೃಭಾಷೆ ಎಂದಿದ್ದಾರೆ. ಕನ್ನಡಿಗರು ನೂರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು. ಉರ್ದು ಎಂದು ಬರೆಸಿದವರು ಮೂರಕ್ಕಿಂತ ಕಡಿಮೆ. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ ಆಡುವ ನಮ್ಮವರು ಈ ಎರಡರಲ್ಲಿ ಯಾವ ಲೆಕ್ಕದಲ್ಲಿ ಸೇರಿದ್ದಾರೋ ಅಲ್ಲಾಹನೇ ಬಲ್ಲ.

ಈ ದ್ವೇಷ ಬರೀ ಮಾತಿನಲ್ಲಿ ನಿಂತಿಲ್ಲ. 2004ರ ಜೂನ್‌ನಲ್ಲಿ ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. 2015ರಲ್ಲಿಯೂ 2017ರಲ್ಲಿಯೂ ಅಲ್ಲಿ ಮತ್ತೆ ಮನೆಗಳು ಉರುಳಿದವು. ಸೂರು ಕಳೆದುಕೊಂಡವರಲ್ಲಿ ಹೆಚ್ಚಿನವರು ಕನ್ನಡಿಗರು. ಕಡಲತೀರದಲ್ಲಿ ಮನೆ ಕಟ್ಟಬಾರದೆಂಬ ಕಾನೂನು ಇದೆ, ಒಪ್ಪೋಣ. ಅದೇ ಕಾನೂನು ಐಷಾರಾಮಿ ಹೋಟೆಲುಗಳ ಗೋಡೆಯನ್ನೂ ಅಷ್ಟೇ ಬೇಗ ತಲುಪುತ್ತದೆಯೇ? 2006ರ ಮಾರ್ಚ್‌ನಲ್ಲಿ ಸಾವರ್ಡೆ ಮತ್ತು ಕುಡಚಡೆಗಳಲ್ಲಿ ಮುಸ್ಲಿಮರ ಅಂಗಡಿ, ಮನೆಗಳ ಮೇಲೆ ದಾಳಿ ನಡೆದಾಗ 'ಹೊರಗಿನವ' ಎಂಬ ಪದವೂ 'ಮುಸ್ಲಿಮ' ಎಂಬ ಪದವೂ ಒಂದರೊಳಗೊಂದು ಬೆರೆತುಹೋಗಿದ್ದವು. 2018ರ ಜನವರಿಯಲ್ಲಿ ಮಹದಾಯಿ ವಿವಾದ ಕಾವೇರಿದ್ದಾಗ ಗೋವಾದ ಜಲಸಂಪನ್ಮೂಲ ಸಚಿವರೇ ಕನ್ನಡಿಗರನ್ನು ಬೈಗುಳದ ಪದದಿಂದ ಕರೆದು ಟೀಕೆಗೆ ಗುರಿಯಾದರು. 2022ರ ಚುನಾವಣೆಯಲ್ಲಿ ರೆವಲ್ಯೂಷನರಿ ಗೋವನ್ಸ್ ಎಂಬ ಹೊಸ ಪಕ್ಷ ಒಂದು ಸ್ಥಾನ ಗೆದ್ದಿತು. 1961ರ ಡಿಸೆಂಬರ್ 20ಕ್ಕೆ ಮೊದಲಿನ ಬೇರು ಇದ್ದವರು ಮಾತ್ರ ಮೂಲ ಗೋವನ್ನರು ಎಂಬುದು ಅದು ಮುಂದಿಟ್ಟ ಮಸೂದೆಯ ತಿರುಳು. ಆ ಮಸೂದೆ ಕಾನೂನಾಗಲಿಲ್ಲ. ಆದರೆ ನಮ್ಮ ಹುಡುಗ ಶಾಲೆಯ ಬಾಗಿಲಲ್ಲಿ ತನ್ನ ಊರಿನ ಹೆಸರನ್ನು ನುಂಗಿಕೊಳ್ಳಲು ಕಾನೂನೇನೂ ಬೇಕಾಗಲಿಲ್ಲ.

ಹಾಗೆಂದು ಗೋವಾದ ಜನರೆಲ್ಲರೂ ದ್ವೇಷಿಗಳೆಂದು ಇಲ್ಲಿಂದ ಕೂಗಿ ಹೇಳುವುದು ಅನ್ಯಾಯವಾದೀತು. ಅವರ ಭಯಕ್ಕೂ ಒಂದು ಚರಿತ್ರೆಯಿದೆ. ಅವರ ನಾಡು ಕೇವಲ 3,702 ಚದರ ಕಿಲೋಮೀಟರ್. ನಾಲ್ಕೂವರೆ ಶತಮಾನ ಪೋರ್ತುಗೀಸರ ಆಳ್ವಿಕೆ ಕಂಡಿತು. 1560ರಲ್ಲಿ ಆರಂಭವಾದ ಧರ್ಮವಿಚಾರಣೆಯ ಕಾಲದಲ್ಲಿ ಕೊಂಕಣಿಗರು ಊರುಬಿಟ್ಟು ನಮ್ಮ ಕರಾವಳಿಗೆ ಬಂದು ನೆಲೆಸಿದರು. ವಿಮೋಚನೆಯಾದ ಮೇಲೆ ಮಹಾರಾಷ್ಟ್ರದಲ್ಲಿ ವಿಲೀನವಾಗುವ ಪ್ರಶ್ನೆ ಎದ್ದು, 1967ರ ಜನಮತದಲ್ಲಿ ಪ್ರತ್ಯೇಕವಾಗಿ ಉಳಿಯುವ ನಿರ್ಧಾರ ಮಾಡಿದರು. ಕೊಂಕಣಿ ಅಲ್ಲಿಯ ಆಡಳಿತ ಭಾಷೆಯಾದದ್ದು 1987ರಲ್ಲಿ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಗುರುತು ಕೈತಪ್ಪೀತೆಂಬ ಅಂಜಿಕೆ ಸಹಜವಾದುದು. ನಮ್ಮ ಆಕ್ಷೇಪವಿರುವುದು ಆ ಅಂಜಿಕೆ ಯಾರ ಮೇಲೆ ಸಿಟ್ಟಾಗಿ ಇಳಿಯುತ್ತದೆ ಎಂಬ ಬಗ್ಗೆ. ಎಕರೆಗಟ್ಟಲೆ ಭೂಮಿ ಖರೀದಿಸಿ ಬಂಗಲೆ ಕಟ್ಟಿಸುವ ದಿಲ್ಲಿ, ಮುಂಬಯಿಯ ಹಣವಂತನನ್ನು ಯಾರೂ ಘಾಟಿ ಎನ್ನುವುದಿಲ್ಲ. ಆ ಬಂಗಲೆಗೆ ಇಟ್ಟಿಗೆ ಹೊರುವವನು ಘಾಟಿಯಾಗುತ್ತಾನೆ. ಇನ್ನೊಂದು ವಿಚಿತ್ರವೂ ಇದೆ. ಅದೇ ಗೋವಾದ ಸಾವಿರಾರು ಮಕ್ಕಳು ಪೋರ್ತುಗಲ್ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿನ ಸ್ವಿಂಡನ್ ಪಟ್ಟಣಕ್ಕೆ ದುಡಿಯಲು ಹೋಗಿದ್ದಾರೆ. ವಲಸಿಗರ ವಿರುದ್ಧ ಎದ್ದ ಅಸಮಾಧಾನವು 2016ರಲ್ಲಿ ಬ್ರಿಟನ್ನನ್ನು ಯುರೋಪ್ ಒಕ್ಕೂಟದಿಂದ ಹೊರಬರುವ ತೀರ್ಮಾನಕ್ಕೆ ತಂದಾಗ, ಅಲ್ಲಿ ಅವರೂ ಹೊರಗಿನವರಾಗಿಯೇ ನಿಂತಿದ್ದರು.

ಈಗ ನಮ್ಮ ಕಡೆ ನೋಡೋಣ. ಈ ಮಾಗಡಿಯ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಅವು ಹೊಲದ ಪೈರಿಗೂ ಬಾಯಿ ಹಾಕುತ್ತವೆ. ಆದರೂ ಊರಿನವರು ಅವನ್ನು ಕಾಪಾಡಿದರು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಘೋಷಿತವಾಯಿತು. ನಮ್ಮ ಜನ ಪರದೇಶಿ ಹಕ್ಕಿಗೂ ಆಶ್ರಯ ಕೊಟ್ಟವರು ಎಂದು ವೇದಿಕೆಗಳಲ್ಲಿ ಹೇಳುವುದುಂಟು, ಕೇಳಲು ಚೆನ್ನಾಗಿದೆ. ಆದರೆ ಹಕ್ಕಿ ಬೇಸಿಗೆ ಬಂದೊಡನೆ ಹಾರಿಹೋಗುತ್ತದೆ. ಅದು ಬಾಡಿಗೆಮನೆ ಕೇಳುವುದಿಲ್ಲ, ಪಡಿತರ ಚೀಟಿ ಕೇಳುವುದಿಲ್ಲ, ಅದರ ಮಗು ನಮ್ಮ ಮಗುವಿನ ಪಕ್ಕದ ಬೆಂಚಿನಲ್ಲಿ ಕೂರುವುದಿಲ್ಲ. ಹೊರಟುಹೋಗುವ ಅತಿಥಿಯನ್ನು ಪ್ರೀತಿಸುವುದು ಸುಲಭ. ಉಳಿದುಕೊಳ್ಳುವ ಮನುಷ್ಯನ ವಿಷಯದಲ್ಲಿ ನಮ್ಮ ದಾಖಲೆ ಹೇಗಿದೆ?

1991ರ ಡಿಸೆಂಬರ್‌ನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ಬಡ ತಮಿಳರ ಮನೆಗಳು ಉರಿದವು. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ನಡೆದ ಗಲಭೆಯಲ್ಲಿ ನಮ್ಮವರೇ ಜೀವ ತೆತ್ತರು. ಹಳೆಯ ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಕವಿರಾಜಮಾರ್ಗವು ಕನ್ನಡದ ತಿರುಳು ಎಂದು ಗುರುತಿಸಿದ ಸೀಮೆಯಲ್ಲಿ ಆ ಊರೂ ಸೇರಿದೆ. ಆ ನೆಲದವರಾದ ನಮ್ಮನ್ನು ಕನ್ನಡತನ ಸಾಬೀತುಪಡಿಸಿ ಎಂದು ಕೇಳಲಾಯಿತು! 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಮುಸ್ಲಿಮರು ದಾಳಿ ಮಾಡುತ್ತಾರೆಂಬ ವದಂತಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ನಮ್ಮವರಲ್ಲಿ ಹಲವರು ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದರು ನಿಜ. ಆದರೆ ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವರನ್ನು 'ಚೀನಿ' ಎಂದು ಕರೆದು ನಕ್ಕವರಲ್ಲಿ ನಮ್ಮ ಓಣಿಯ ಹುಡುಗರೂ ಇರಲಿಲ್ಲವೇ? ಚಳಿಗಾಲದಲ್ಲಿ ಮುಂಡಗೋಡಿನಿಂದ ಸ್ವೆಟರ್ ಮಾರಲು ಬರುವ ಟಿಬೆಟಿನವರನ್ನು, ಬಿಹಾರದಿಂದ ಬಂದ ಟೈಲ್ಸ್ ಕೆಲಸದವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? 2018ರ ಜನವರಿ 25ರ ಕರ್ನಾಟಕ ಬಂದ್ ಸಮಯದಲ್ಲಿ ಗೋವಾದವರಿಗೆ ಬುದ್ಧಿ ಕಲಿಸಬೇಕು ಎಂದು ಉತ್ಸಾಹದಿಂದ ಮಾತನಾಡಿದವರನ್ನು ನಾವು ಬಲ್ಲೆವು. ನಮ್ಮ ಜಿಲ್ಲೆಗೆ ನೀರು ಬೇಕು, ನರಗುಂದದ ರೈತರ ಹೋರಾಟ ನ್ಯಾಯವಾದದ್ದು. ಆದರೆ ಇಲ್ಲಿ ಗೋವಾದ ಬಸ್ಸಿಗೆ ಬೀಸಿದ ಕಲ್ಲು ವಾಸ್ಕೋದಲ್ಲಿರುವ ನಮ್ಮ ಗೌಂಡಿಯ ತಲೆಗೆ ತಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಅದೇ ಗೌಂಡಿ ನಡೆದು ಬಂದಾಗ ಅವನದೇ ರಾಜ್ಯದ ಗಡಿ ಅವನಿಗೆ ಮುಚ್ಚಿತ್ತು. ಅಭಿಮಾನದ ಭಾಷಣ ಮಾಡಿದವರು ಆ ದಿನ ಅನಮೋಡ ಘಾಟಿನಲ್ಲಿ ಕಾಣಿಸಲಿಲ್ಲ.

ಹಾಗಾದರೆ ಅಲ್ಲಿರುವವನು ಏನು ಮಾಡಬೇಕು? ಕೆಲವರು ಅಡಗುತ್ತಾರೆ, ಆ ಹುಡುಗನಂತೆ. ಕೆಲವರು ಗುಂಪು ಕಟ್ಟಿ ಸಿಟ್ಟಿಗೆ ಸಿಟ್ಟು ಎನ್ನುತ್ತಾರೆ. ನಮ್ಮ ಮುಂದೆ ಮೂರನೆಯ ಮಾದರಿಯೊಂದಿದೆ. ಮಕ್ಕಾದ ಹಿಂಸೆಯಿಂದ ಅಬಿಸೀನಿಯಾಕ್ಕೆ ಹೋದ ಮೊದಲ ಮುಸ್ಲಿಮರನ್ನು ಹಿಂದಕ್ಕೆ ಕಳಿಸಿರೆಂದು ಕುರೈಷರ ದೂತರು ಉಡುಗೊರೆ ಹೊತ್ತು ರಾಜ ನಜಾಶಿಯ ಬಳಿಗೆ ಬಂದರು. ಆಗ ಜಅಫರ್ ಬಿನ್ ಅಬೂತಾಲಿಬ್ ತಾವು ಯಾರು, ಏಕೆ ಬಂದೆವು, ಏನನ್ನು ನಂಬುತ್ತೇವೆ ಎಂಬುದನ್ನು ತುಂಬಿದ ಸಭೆಯಲ್ಲಿ ಮರೆಮಾಚದೆ ಹೇಳಿದರು. ರಾಜನನ್ನು ಮೆಚ್ಚಿಸಲು ಒಂದು ಮಾತನ್ನೂ ತಿರುಚಲಿಲ್ಲ. ಆಶ್ರಯ ಕೊಟ್ಟ ನಾಡನ್ನು ಹೀಗಳೆಯಲೂ ಇಲ್ಲ.

ನಮ್ಮ ಹುಡುಗರು ಅಲ್ಲಿ ಊರಿನ ಹೆಸರನ್ನು ಹೇಳಲಿ, ಕೊಂಕಣಿಯಲ್ಲಿ ಹೇಳಲಿ. ಇಪ್ಪತ್ತು ವರ್ಷ ಅಲ್ಲಿದ್ದೂ ಆ ಭಾಷೆಯ ನಾಲ್ಕು ಮಾತು ಬಾರದವರು ನಮ್ಮಲ್ಲಿದ್ದಾರೆ. ಇದು ನಮ್ಮ ಸೋಮಾರಿತನ, ಬೇರೆ ಹೆಸರಿಲ್ಲ. ಚುನಾವಣೆ ಬಂದಾಗ ಅಲ್ಲಿಯೂ ಒಂದು ಮತ, ಶಿರಹಟ್ಟಿಯಲ್ಲಿಯೂ ಒಂದು ಮತ ಇಟ್ಟುಕೊಳ್ಳುವುದು ಕಾನೂನಿನ ಅಪರಾಧ. ಗೋವಾದವರು ನಮ್ಮನ್ನು 'ವೋಟ್ ಬ್ಯಾಂಕ್' ಎನ್ನುವಾಗ ಕೋಪ ಬರುತ್ತದೆ. ಆದರೆ ಇಡೀ ಕಾಲನಿಯ ಮತವನ್ನು ಒಬ್ಬ ದಲ್ಲಾಳಿಯ ಕೈಗೆ ಕೊಟ್ಟವರು ಯಾರು? ಭಾರತದ ಯಾವುದೇ ಭಾಗದಲ್ಲಿ ವಾಸಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಮಗೆ ಕೊಟ್ಟಿದೆ. ಅದನ್ನು ತಲೆಯೆತ್ತಿ ಕೇಳಬೇಕಾದವನ ಕಾಗದಪತ್ರ ನೇರವಾಗಿರಬೇಕು, ಕೈ ಶುದ್ಧವಾಗಿರಬೇಕು. ಇಷ್ಟು ಮಾಡಿದರೆ ದ್ವೇಷ ನಿಲ್ಲುತ್ತದೆಂದು ನಾವು ಭರವಸೆ ಕೊಡಲಾರೆವು. ಸಾವರ್ಡೆಯಲ್ಲಿ ಅಂಗಡಿ ಕಳೆದುಕೊಂಡವರಲ್ಲಿ ಕೊಂಕಣಿ ಬಲ್ಲವರೂ ಇದ್ದಿರಬಹುದು.

ಆ ತಾಯಿಗೆ ನಾವು ಒಂದು ಮಾತು ಹೇಳಿದೆವು. ಮುಂದಿನ ಬಾರಿ ಹೋದಾಗ ಮೊಮ್ಮಗನಿಂದ ನಾಲ್ಕು ಕೊಂಕಣಿ ಮಾತು ಕಲಿಯಿರಿ, ಶಾಲೆಯ ಬಾಗಿಲಲ್ಲಿ ಅವನ ಗೆಳೆಯರನ್ನು ಆ ಮಾತಿನಲ್ಲಿ ವಿಚಾರಿಸಿ, ಆಮೇಲೆ ಅವನನ್ನು ನಿಮ್ಮ ಮಾತಿನಲ್ಲಿಯೇ ಕರೆಯಿರಿ. ಅವರು ನಕ್ಕರು, "ಈ ವಯಸ್ಸಿನ್ಯಾಗ?" ಎಂದರು. ಇಲ್ಲ ಎನ್ನಲಿಲ್ಲ.

ಈ ವಾರ ಹೊರಡಲಿರುವ ಹುಡುಗರು ಸಭೆ ಮುಗಿದ ಮೇಲೆ ಇಲ್ಲಿಯೇ ಉಳಿಯಲಿ. ಮತದಾರರ ಪಟ್ಟಿ, ಬಾಡಿಗೆ ಕರಾರು, ಕೂಲಿಯ ಲೆಕ್ಕ ಇವುಗಳನ್ನು ಕುಳಿತು ನೋಡೋಣ. ಮೂವತ್ತು ವರ್ಷ ವಾಸ್ಕೋದಲ್ಲಿ ದುಡಿದು ಹಿಂದಿರುಗಿದ ಇಬ್ಬರು ಹಿರಿಯರು ಬಂದಿದ್ದಾರೆ, ಕೊಂಕಣಿಯ ಮೊದಲ ಪಾಠ ಅವರದು.