ಜಲಾಶಯವೂ ಜನಾಶ್ರಯವೂ



ಕೆರೆಕಟ್ಟೆಗಳನ್ನು ಕಟ್ಟಿಸುವುದನ್ನು ಧರ್ಮಕಾರ್ಯವೆಂದು ಎಣಿಸಿದ ನಾಡು ನಮ್ಮದು. ಆದರೆ ಹಿಂದೆ ಕೆರೆಯನ್ನು ಕಟ್ಟಿದ ಊರವರೇ ಬಹುಮಟ್ಟಿಗೆ ಅದರ ಫಲವನ್ನು ಉಣ್ಣುತ್ತಿದ್ದರು. ಮಹಾಜಲಾಶಯಗಳಲ್ಲಾದರೋ ಮನೆ ಮುಳುಗುವುದು ಒಬ್ಬರದು, ಹೊಲ ತೋಯುವುದು ಮತ್ತೊಬ್ಬರದು. ಈ ವೈಷಮ್ಯವೇ ವಿಚಾರಾರ್ಹವಾದುದು.

ಆಲಮಟ್ಟಿಯಲ್ಲಿ ಕೃಷ್ಣಾನದಿಯ ಅಣೆಕಟ್ಟಿಗೆ 1964ರಲ್ಲಿ ಶ್ರೀ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಇದನ್ನೂ ಕೆಳಗಣ ನಾರಾಯಣಪುರದ ಕಟ್ಟೆಯನ್ನೂ ಅವಲಂಬಿಸಿ ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಗಳ ಸುಮಾರು 6 ಲಕ್ಷ ಹೆಕ್ಟೇರು ಭೂಮಿಗೆ ನೀರುಣಿಸುವ ಯೋಜನೆಯು ರೂಪುಗೊಂಡಿತು. ಬರದಿಂದ ಬೆಂದ ಆ ಸೀಮೆಗಳಿಗೆ ಇದು ಅಲ್ಪವಾದ ಉಪಕಾರವಲ್ಲ. ಆದರೆ ಅದಕ್ಕಾಗಿ ನದೀತೀರದ ಎರೆಹೊಲಗಳೂ, ಅನೇಕ ಹಳ್ಳಿಗಳೂ, ಘಟಪ್ರಭೆಯ ದಡದ ಬಾಗಲಕೋಟೆಯ ಕೆಲಭಾಗವೂ ಹಿನ್ನೀರಿಗೆ ಎಡೆಗೊಟ್ಟವು. ಪೇಟೆಯವರಿಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ಅವರ ವಿನ್ಯಾಸದಂತೆ ನವನಗರವು ಎದ್ದಿತು.

ಕೃಷ್ಣಾ-ಮಲಪ್ರಭೆಗಳು ಕೂಡುವ ಕೂಡಲಸಂಗಮವು ನಾರಾಯಣಪುರದ ಹಿನ್ನೀರಿನ ಪ್ರದೇಶಕ್ಕೆ ಸೇರಿದುದಷ್ಟೆ. ಅಲ್ಲಿಯ ಐಕ್ಯಮಂಟಪವು ಮುಳುಗದಂತೆ ಸುತ್ತಲೂ ಎತ್ತರವಾದ ಗೋಡೆಯನ್ನು ಕಟ್ಟಲಾಯಿತು. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುವರು. ಇದು ಸ್ತುತ್ಯವಾದ ಕಾರ್ಯ. ಸ್ಥಾವರದ ರಕ್ಷಣೆಗೆ ಬುದ್ಧಿಯೂ ಧನವೂ ಒದಗಿದ ಮೇಲೆ, ಜಂಗಮನಾದ ಮನುಷ್ಯನ ಬಾಳಿಗೂ ಅಷ್ಟೇ ಶ್ರದ್ಧೆ ಸಲ್ಲಬೇಡವೇ?

ಊರೆಂಬುದು ಬರಿಯ ಮನೆಗಳ ಸಾಲಲ್ಲ. ಒಕ್ಕಲಿಗನ ಕಣದಿಂದ ಕಮ್ಮಾರನಿಗೆ, ಬಡಿಗನಿಗೆ, ಕುಂಬಾರನಿಗೆ ಆಯವು ಸಲ್ಲುತ್ತಿದ್ದಿತು. ಹೊಲವಿಲ್ಲದ ಕೂಲಿಯವನಿಗೆ ಅನ್ಯರ ಹೊಲವೇ ಅನ್ನದ ಆಧಾರ. 1894ರ ಭೂಸ್ವಾಧೀನ ಶಾಸನವು ಭೂಮಿಯಲ್ಲಿ ಹಕ್ಕುಳ್ಳವನಿಗೆ ಹಣವನ್ನು ವಿಧಿಸಿತು; ಇಂಥವರ ಜೀವನೋಪಾಯವನ್ನು ಲೆಕ್ಕಿಸಲಿಲ್ಲ. ಹಣ ಪಡೆದವನಿಗಾದರೂ ನಿಶ್ಚಿಂತೆಯೆಂದು ಹೇಳಲಾಗದು: ಒಂದೇ ಕಾಲಕ್ಕೆ ಅನೇಕರು ಭೂಮಿಯನ್ನು ಅರಸಿದರೆ ಅದರ ಬೆಲೆಯೇರುವುದು, ಬೆಲೆಯೇರಿದರೆ ಕೈಯ ಹಣಕ್ಕೆ ಮೊದಲಿನಷ್ಟು ಹೊಲ ದೊರೆಯದು.

2013ರ ಶಾಸನವು ಈ ಲೋಪವನ್ನು ಬಹುಮಟ್ಟಿಗೆ ತಿದ್ದಿತು. ಸ್ವಾಧೀನಕ್ಕೆ ಮುಂಚೆ ಮೂರು ವರ್ಷಗಳಿಂದ ಆ ಸ್ಥಳವನ್ನೇ ನಂಬಿ ಬಾಳಿದ ಗೇಣಿದಾರ, ಕೂಲಿಕಾರ, ಕುಶಲಕರ್ಮಿಗಳ ಕುಟುಂಬಗಳನ್ನೂ ಬಾಧಿತರೆಂದು ಅದು ಅಂಗೀಕರಿಸಿದೆ. ಇದರ ಪರೀಕ್ಷೆಯು ಮುಂದಿದೆ. 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಮಟ್ಟವೇರಿದಷ್ಟೂ ಮುಳುಗಡೆಯು ಹಿಗ್ಗುವುದು. 2025ರಲ್ಲಿ ರಾಜ್ಯದ ಸಚಿವಸಂಪುಟವು ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಗಳನ್ನು ನಿಶ್ಚಯಿಸಿತು. ಬೆಲೆಯು ನಿಶ್ಚಿತವಾಯಿತೆಂದ ಮಾತ್ರಕ್ಕೆ ಬಾಳು ನಿಶ್ಚಿತವಾಗದು.

ನೀರು ಬರುವ ಮುನ್ನ ನೆಲೆ ಸಿದ್ಧವಾಗಬೇಕು. ಒಂದೂರಿನವರು ಒಂದೆಡೆಯಲ್ಲಿಯೇ ನೆಲಸಬೇಕು. ಹೊಲವಿಲ್ಲದವನ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು. ಕಾಯಕವನ್ನು ಕಳೆದುಕೊಂಡವನಿಗೆ ಕಾಯಕವನ್ನು ಮರಳಿಸದೆ ಕೊಡುವ ದಾನವು ಪರಿಹಾರವೆನಿಸದು. ನಾಲೆಯ ನೀರನ್ನು ಉಣ್ಣುವವರೆಲ್ಲರೂ ಈ ಋಣವನ್ನು ಸ್ಮರಿಸಲಿ.