ನೋವಿನ ಗುಳಿಗೆಯನ್ನು ಟ್ರಂಕಿನಲ್ಲಿ ಇಡಬೇಡಿ
(ಕೆರೂರಿನಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ಮಾಡಿದ ಭಾಷಣ)



ವೈದ್ಯಕೀಯ ನೆರವಿನ ಲೆಕ್ಕವನ್ನು ಈಗಷ್ಟೇ ಕೇಳಿದ್ದೀರಿ. ಕ್ಯಾನ್ಸರ್ ರೋಗಿಗಳು ಹುಬ್ಬಳ್ಳಿಯ ನವನಗರದ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ ಬರಲು ನಾವು ಬಸ್ಸಿನ ಖರ್ಚು, ಔಷಧದ ಖರ್ಚು ಕೊಡುತ್ತೇವೆ. ಅವರು ಮನೆಗೆ ಮರಳಿದ ಮೇಲೆ ಹೇಗಿದ್ದಾರೆ ಎಂದು ಮಾತ್ರ ವಿಚಾರಿಸುತ್ತಿರಲಿಲ್ಲ.

ಬಾಯಿ ಕ್ಯಾನ್ಸರ್ ಆಗಿದ್ದ ಹಿರಿಯರೊಬ್ಬರನ್ನು ನೋಡಲು ಹೋದೆವು. ರಾತ್ರಿಯಿಡೀ ನರಳುತ್ತಾರೆ ಎಂದರು. ವೈದ್ಯರು ಬರೆದ ಮಾರ್ಫಿನ್ ಗುಳಿಗೆ ಟ್ರಂಕಿನಲ್ಲಿತ್ತು. "ಅದು ಅಫೀಮು. ಚಟ ಹತ್ತಿದರೆ? ಹರಾಮ್ ಆದರೆ?" ಎಂದು ಮನೆಯವರು ತೆಗೆದಿಟ್ಟಿದ್ದರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ. ತಿಳಿಸಿ ಹೇಳುವವರು ಇರಲಿಲ್ಲ. ಆ ತಪ್ಪು ನಮ್ಮದೂ ಹೌದು.

ಮಾರ್ಫಿನ್ ಅಫೀಮಿನಿಂದ ಬರುವುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೆಟ್ಟಿಲಿನ ಕ್ರಮ ಹೇಳಿತು: ಮೊದಲು ಪ್ಯಾರಾಸಿಟಮಾಲ್‌ನಂಥವು, ಸಾಲದಿದ್ದರೆ ಕೊಡೀನ್‌ನಂಥವು, ಅದೂ ಸಾಲದಿದ್ದರೆ ಮಾರ್ಫಿನ್. ಸಾಮಾನ್ಯ ಮಾರ್ಫಿನ್ ಗುಳಿಗೆಯ ಗುಣ ಸುಮಾರು 4 ತಾಸು ಇರುತ್ತದೆ. ಆದ್ದರಿಂದ ನೋವು ಏರುವವರೆಗೆ ಕಾಯದೆ, ವೈದ್ಯರು ಹೇಳಿದಂತೆ ಗಡಿಯಾರ ನೋಡಿ ಕೊಡಬೇಕು. ಹೀಗೆ ನೋವಿಗಾಗಿ ತೆಗೆದುಕೊಂಡವರಲ್ಲಿ ಚಟಕ್ಕೆ ಬೀಳುವವರು ವಿರಳ. ಆದರೂ ಒಮ್ಮೆಲೇ ನಿಲ್ಲಿಸಬಾರದು. ಮಲಬದ್ಧತೆ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಅದಕ್ಕೆ ಜೊತೆಗೇ ಔಷಧ ಕೇಳಿ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ತಕ್ಷಣ ದವಾಖಾನೆಗೆ ಒಯ್ಯಿರಿ. ಗುಳಿಗೆಗಳು ಮಕ್ಕಳ ಕೈಗೆ ಸಿಗದಿರಲಿ. ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬೇಡಿ.

ಇನ್ನು ದೀನಿನ ಮಾತು. ಅಮಲಿಗಾಗಿ ಸೇವಿಸುವುದು ಬೇರೆ, ಬೇರೆ ದಾರಿಯಿಲ್ಲದಾಗ ವೈದ್ಯರ ಸಲಹೆಯಂತೆ ಔಷಧವಾಗಿ ತೆಗೆದುಕೊಳ್ಳುವುದು ಬೇರೆ. ಜರೂರತ್ತಿನ ರಿಯಾಯಿತಿಯನ್ನು ಶರೀಅತ್ತೇ ಕೊಟ್ಟಿದೆ. ರಮಜಾನಿನಲ್ಲಿ ರೋಜಾ ಬಿಡಲು ಮನಸ್ಸಾಗದೆ ಹಗಲಿನ ಗುಳಿಗೆ ತಪ್ಪಿಸುವವರಿದ್ದಾರೆ. ರೋಗಿಗೆ ರೋಜಾದಿಂದ ವಿನಾಯಿತಿ ಇದೆ, ವಾಸಿಯಾಗದ ರೋಗವಿದ್ದರೆ ಫಿದ್ಯಾ ಇದೆ. ಸಂದೇಹವಿದ್ದರೆ ಇಮಾಮರನ್ನು ಕೇಳಿ. ಸಬರ್ ಎಂದರೆ ಕೈಯಲ್ಲಿರುವ ಔಷಧ ಬಿಟ್ಟು ನರಳುವುದಲ್ಲ.

ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರಕಾರದ ಪರವಾನಗಿ ಪಡೆದು ಅಫೀಮು ಬೆಳೆಯುತ್ತಾರೆ. ಆದರೂ ನಮ್ಮದೇ ರೋಗಿಗಳಿಗೆ ಮಾರ್ಫಿನ್ ಸಿಗುವುದು ಕಷ್ಟವಾಗಿತ್ತು. 1985ರ ಮಾದಕವಸ್ತು ಕಾಯ್ದೆಯ ಹಲವು ಲೈಸೆನ್ಸುಗಳಿಗೆ ಹೆದರಿ ಆಸ್ಪತ್ರೆಗಳು, ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯ ನಂತರ, ಮಾನ್ಯತೆ ಪಡೆದ ಆಸ್ಪತ್ರೆ ಇದನ್ನು ಇಟ್ಟು ಕೊಡುವುದು ಸುಲಭವಾಗಿದೆ. ಎಲ್ಲ ಅಂಗಡಿಗಳಲ್ಲಿ ಈಗಲೂ ಸಿಗದು. ಅದಕ್ಕೇ ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ: "ನೋವಿಗೆ ಏನು ಕೊಡುತ್ತೀರಿ? ಮುಗಿದರೆ ಎಲ್ಲಿ ಸಿಗುತ್ತದೆ?" ಕೊನೆಯ ಹಂತದ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಹಣ ಪಡೆಯದೆ ನೋಡಿಕೊಳ್ಳುತ್ತದೆ.

ದಾನಿಗಳೇ, ಗುಳಿಗೆ ದುಬಾರಿಯಲ್ಲ. ಅದನ್ನು ತರಲು ಮತ್ತೆ ಮತ್ತೆ ಹೋಗುವ ದಾರಿಖರ್ಚು ಬಡವರಿಗೆ ಭಾರ. ನಿಮ್ಮ ಜಕಾತಿನಲ್ಲಿ ಅರ್ಹ ಬಡ ರೋಗಿಗಳ ಪಾಲನ್ನೂ ನೆನೆಯಿರಿ. ಪಾಲಕರೇ, ನರ್ಸಿಂಗ್, ಫಾರ್ಮಸಿ ಓದುವ ಮಕ್ಕಳೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿ. ನಾಳೆ ಯಾವುದಾದರೂ ಮನೆಯಲ್ಲಿ ಟ್ರಂಕಿನಿಂದ ಗುಳಿಗೆ ತೆಗೆಸಿ, ಹೊತ್ತಿಗೆ ಸರಿಯಾಗಿ ಕೊಡಿಸಲು ನಮ್ಮೂರಿಗೆ ಅವರೇ ಬೇಕು.

ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ನಿಮ್ಮ ದಾನವನ್ನು ಕಬೂಲ್ ಮಾಡಲಿ. ಆಮೀನ್.